ಮಂತ್ರಿಸಿದ ಮೇಜು: ಪೋಲೆಂಡಿನ ಈಸ್ಟರ್ ಊಟದ ಅಲಂಕಾರ

ಪೋಲೆಂಡಿನಲ್ಲಿ ಈಸ್ಟರ್ ಹಬ್ಬದ ಊಟಕ್ಕೆ ‘ಶ್ವೆಂತ್ಸೊನೆ’ ಎಂಬ ಹೆಸರಿದೆ. ‘ಮಂತ್ರಿಸಿದ್ದು’ ಎಂದು ಅದರ ಅರ್ಥ. ಗುರುಗಳು ತೀರ್ಥ ಚಿಮುಕಿಸಿ ಆಶೀರ್ವದಿಸಿದ ತಿನಿಸು ಅದು. ಊಟದ ಹೆಸರಿನಲ್ಲಿ ಅಡುಗೆಯ ಸುಳಿವೇ ಇಲ್ಲ. ಈಸ್ಟರ್ ಅಲಂಕಾರವನ್ನು ಕುರಿತ ಬರಹಗಳು ಬಹುಮಟ್ಟಿಗೆ ಬಣ್ಣದ ಮೊಟ್ಟೆಯಿಂದ ಹೊರಟು ಮೊಟ್ಟೆಯಲ್ಲೇ ನಿಂತುಬಿಡುತ್ತವೆ. ನಾನು ಹೇಳಹೊರಟಿರುವುದು ಬೇರೆ. ಇಲ್ಲಿ ತಿನ್ನುವುದು ಬೇರೆ, ಸಿಂಗರಿಸುವುದು ಬೇರೆ ಎಂಬ ಭೇದ ಇರಲಿಲ್ಲ. ಆಶೀರ್ವಾದ ನಡೆಯುವ ಜಾಗ ಬದಲಾದ ಹಾಗೆಲ್ಲ ಅಲಂಕಾರದ ರೂಪವೂ ಬದಲಾಗುತ್ತ ಬಂತು.

ಮೊಟ್ಟೆಯ ಚರಿತ್ರೆ ಹಳೆಯದು, ನಿಜ. ಒಪೊಲೆ ನಗರದ ಒಸ್ತ್ರೂವೆಕ್ ಎಂಬಲ್ಲಿ ನಡೆದ ಉತ್ಖನನದಲ್ಲಿ 10ನೆಯ ಶತಮಾನದ ಚಿತ್ತಾರದ ಮೊಟ್ಟೆಗಳು ಸಿಕ್ಕಿವೆ. ಕರಗಿದ ಮೇಣದಲ್ಲಿ ಗೆರೆ ಎಳೆದು, ಈರುಳ್ಳಿ ಸಿಪ್ಪೆಯ ಅಥವಾ ಕಾವಿಯ ಬಣ್ಣದಲ್ಲಿ ಅದ್ದಿದವು ಅವು. ಮೇಣ ಮುಚ್ಚಿದ ಕಡೆ ಬಣ್ಣ ಹತ್ತುವುದಿಲ್ಲ. ಮೇಣ ತೆಗೆದರೆ ಚಿತ್ತಾರ ಏಳುತ್ತದೆ. ಸಾವಿರ ವರ್ಷ ಕಳೆದರೂ ಕ್ರಮ ಅದೇ. ಇವುಗಳ ಹೆಸರು ‘ಪಿಸಾಂಕಿ’; ‘ಬರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಮಾಂಸದ ಜೊತೆಗೆ ಮೊಟ್ಟೆ, ಬೆಣ್ಣೆಗಳಿಗೂ ನಿಷೇಧವಿತ್ತು. ಕೋಳಿಗಳು ಹೆಚ್ಚು ಇಡುವುದೂ ಅದೇ ವಸಂತದ ಹೊತ್ತಿನಲ್ಲಿ. ಕೂಡಿಬಿದ್ದ ಮೊಟ್ಟೆ ಹಬ್ಬದ ದಿನ ಮೊದಲ ತುತ್ತಾಯಿತು. 1614ರಲ್ಲಿ ಪೋಪ್ ಐದನೆಯ ಪೌಲ್ ಹೊರಡಿಸಿದ ರೋಮನ್ ವಿಧಿಗ್ರಂಥದಲ್ಲಿ ಈಸ್ಟರ್ ಮೊಟ್ಟೆಯನ್ನು ಆಶೀರ್ವದಿಸಲು ಪ್ರತ್ಯೇಕ ಪ್ರಾರ್ಥನೆಯೇ ಇದೆ.

ಆ ಕಾಲದ ಶ್ರೀಮಂತರ ಮನೆಗೆ ಗುರುಗಳೇ ಬರುತ್ತಿದ್ದರು. ಹಾಗಾಗಿ ಮೇಜು ಇಡೀ ಮನೆತನದ ಪ್ರದರ್ಶನವಾಯಿತು. ನಾಲ್ಕನೆಯ ವ್ವಾದಿಸ್ವಾವ್ ದೊರೆಯ ಕಾಲದಲ್ಲಿ (1632–1648) ದೆರೆಚಿನ್‌ನ ಸಪಿಯೆಹಾ ಅರಮನೆಯಲ್ಲಿ ಹೂಡಿದ ಈಸ್ಟರ್ ಮೇಜಿನ ವರ್ಣನೆಯೊಂದು ಪೋಲಿಷ್ ಸಂಸ್ಕೃತಿಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ನಾಲ್ಕು ಋತುಗಳಿಗೆ ನಾಲ್ಕು ಕಾಡುಹಂದಿ, 12 ತಿಂಗಳಿಗೆ ಕೊಂಬಿಗೆ ಚಿನ್ನ ಹಚ್ಚಿದ 12 ಸಾರಂಗ, ವಾರಗಳ ಲೆಕ್ಕಕ್ಕೆ 52 ಕೇಕು, ದಿನಗಳ ಲೆಕ್ಕಕ್ಕೆ 365 ‘ಬಾಬಾ’ ಎಂಬ ಎತ್ತರದ ಕೇಕು. ಈ ಲೆಕ್ಕ ಇಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಇದನ್ನು ಕಣ್ಣಾರೆ ಕಂಡವರ ವರದಿಯೆಂದು ನಂಬಲು ನನಗೆ ಹಿಂಜರಿಕೆ. ಆದರೂ ಬಿಡಲಾಗದ ಸಾಕ್ಷ್ಯ ಇದು. ಮೇಜೆಂದರೆ ವರ್ಷವನ್ನೇ ಬಡಿಸಿಟ್ಟ ಪಂಚಾಂಗ ಎಂಬ ಕಲ್ಪನೆ ಓದುಗರಿಗೆ ಸಹಜವಾಗಿ ಕಂಡಿತ್ತಲ್ಲ, ಅದು ಮುಖ್ಯ. ಕೇಸರಿ ಹಾಕಿ, ಹಳದಿ ಲೋಳೆ ಸುರಿದು ಎತ್ತರಕ್ಕೆ ಉಬ್ಬಿಸುವ ಆ ಬಾಬಾಗಳನ್ನು, ಕುಸಿದಾವೆಂಬ ಭಯಕ್ಕೆ, ಗರಿಯ ದಿಂಬಿನ ಮೇಲೆ ಮಲಗಿಸಿ ಆರಿಸುತ್ತಿದ್ದರು. ಮೇಜಿನ ಗೋಪುರಗಳೇ ಅವು. ಬೇರೆ ಅಲಂಕಾರ ಬೇಕಿರಲಿಲ್ಲ.

ರೈತರ ಮನೆಯಲ್ಲಿ ಸಿಂಗಾರ ಗೋಡೆ ಏರಿತು. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದು, ಹಳೆಯ ಕಾಗದದ ಕತ್ತರಿಚಿತ್ರಗಳನ್ನು ತೆಗೆದು ಹೊಸತನ್ನು ಅಂಟಿಸುತ್ತಿದ್ದರು. ‘ವಿಚಿನಾಂಕಿ’ ಎಂಬ ಈ ಕಲೆ ಬಣ್ಣದ ಕಾಗದ ಹಳ್ಳಿಗೆ ಸುಲಭವಾಗಿ ಸಿಗತೊಡಗಿದ 19ನೆಯ ಶತಮಾನದ್ದು. ಹೆಂಗಸರ ಕೈಯಲ್ಲಿದ್ದ ಸಾಧನ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಅಷ್ಟು ಒರಟು ಅಲಗಿನಿಂದ ಹುಂಜದ ಬಾಲದ ಒಂದೊಂದು ಗರಿಯನ್ನೂ ಬಿಡಿಸುತ್ತಿದ್ದ ಆ ಕೈಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ವೊವಿಚ್ ಪ್ರದೇಶದಲ್ಲಿ ಅದೇ ಕಾಗದದ ಚಿತ್ತಾರ ಗೋಡೆಯಿಂದ ಇಳಿದು ಮೊಟ್ಟೆಗೂ ಅಂಟಿಕೊಂಡಿತು. ತೊಲೆಯಿಂದ ‘ಪಯೊಂಕಿ’, ಅಂದರೆ ಜೇಡ, ಎಂಬ ಹುಲ್ಲು-ಕಾಗದದ ತೂಗುಗೊಂಚಲು ಇಳಿಬಿದ್ದಿರುತ್ತಿತ್ತು. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಮಂತ್ರಿಸಿ ತಂದ ಕೊಂಬೆ ದೇವರ ಪಟದ ಹಿಂದೆ ಸೇರುತ್ತಿತ್ತು.

ಗುರುಗಳು ಪ್ರತಿ ಗುಡಿಸಿಲಿಗೂ ಬರಲಾರರು. ರೈತರು ಜಮೀನ್ದಾರರ ಅಂಗಳಕ್ಕೋ ಊರ ಶಿಲುಬೆಯ ಬಳಿಗೋ ಬುಟ್ಟಿ ಒಯ್ಯುತ್ತಿದ್ದರು. 20ನೆಯ ಶತಮಾನದಲ್ಲಿ ಪವಿತ್ರ ಶನಿವಾರ ಎಲ್ಲರೂ ಚರ್ಚಿಗೇ ಬುಟ್ಟಿ ತರುವುದು ವಾಡಿಕೆಯಾಯಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು ಇದೇ. ಹಜಾರದಷ್ಟಿದ್ದ ಮೇಜು ಮೊಣಕೈಗೆ ತೂಗುಬೀಳುವಷ್ಟಾಯಿತು. ಇಡೀ ಕಾಡುಹಂದಿಯ ಜಾಗದಲ್ಲಿ ಒಂದು ತುಂಡು ಸಾಸೇಜು. ಜೊತೆಗೆ ಬ್ರೆಡ್ಡು, ಉಪ್ಪು, ಘಾಟಿನ ‘ಹ್ಶಾನ್’ ಬೇರು, ಮೊಟ್ಟೆ, ಮರದ ಅಚ್ಚಿನಲ್ಲಿ ಒತ್ತಿದ ಬೆಣ್ಣೆಯ ಕುರಿಮರಿ. ಮರಿಗೆ ಕಾಳುಮೆಣಸಿನ ಕಣ್ಣು, ಪುನರುತ್ಥಾನದ ಕೆಂಪು ಬಾವುಟ. ಬುಟ್ಟಿಗೆ ಬಿಳಿ ಲೇಸಿನ ಬಟ್ಟೆ, ಅಂಚಿಗೆ ಬುಕ್ಶ್ಪಾನ್ ಎಂಬ ನಿತ್ಯಹಸಿರು ಪೊದೆಯ ಚಿಗುರು.

ಇಂದು ಮನೆಯ ಮೇಜಿಗೆ ಹಾಸುವ ಬಿಳಿ ಬಟ್ಟೆ, ಸಿಕ್ಕಿಸುವ ಬುಕ್ಶ್ಪಾನ್ ಎರಡೂ ಆ ಬುಟ್ಟಿಯವೇ. ಜೊತೆಗೆ, ವಾರದ ಹಿಂದೆ ತಟ್ಟೆಯಲ್ಲಿ ಒದ್ದೆ ಹತ್ತಿಯ ಮೇಲೆ ಬಿತ್ತಿದ ಅಳವಿಯ ಹಸಿರು. ನಮ್ಮಲ್ಲಿ ಬಾಣಂತಿಗೆ ಉಂಡೆ ಕಟ್ಟುವ ಅಳವಿ ಬೀಜವೇ ಅದು. ಆ ಹಸಿರಿನ ನಡುವೆ ಕುರಿಮರಿ ನಿಲ್ಲುತ್ತದೆ.

ಭಾನುವಾರ ಬೆಳಿಗ್ಗೆ ಮಂತ್ರಿಸಿದ ಮೊಟ್ಟೆಯೊಂದನ್ನು ಹೋಳು ಮಾಡಿ, ಮನೆಯವರು ಪರಸ್ಪರ ಹಾರೈಸುತ್ತ ಹಂಚಿಕೊಂಡ ಮೇಲೆಯೇ ಉಳಿದ ಊಟ. ಮಂತ್ರಿಸಿದ ಚಿಪ್ಪನ್ನು ಕಸಕ್ಕೆ ಹಾಕುವಂತಿರಲಿಲ್ಲ. ಬಣ್ಣ, ಗೆರೆ ಸಮೇತ ಅದನ್ನು ಪುಡಿಮಾಡಿ ಹಳ್ಳಿಯವರು ತರಕಾರಿಯ ಮಡಿಗಳಿಗೆ ಚೆಲ್ಲುತ್ತಿದ್ದರು.