ಗಿರಣಿಗೆ ಬಂದ ತೊಟ್ಟಿಲು ಕಾಲೇಜಿಗೆ ಬಂದದ್ದು ಯಾವಾಗ?

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜಿನ ವೇಳಾಪಟ್ಟಿಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ, ಪ್ರಯೋಗಾಲಯ, ಪರೀಕ್ಷೆಯ ಕೆಲಸ. ಎಳೆಗೂಸಿಗಾದರೋ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಕುಡಿಸದಿದ್ದರೆ ತಾಯಿಯ ಎದೆ ಕಟ್ಟಿಕೊಂಡು ನೋಯುತ್ತದೆ; ದಿನ ಕಳೆದಂತೆ ಹಾಲೂ ಕಡಿಮೆಯಾಗುತ್ತದೆ. ಬಾಣಂತನ ಮುಗಿಸಿ ಕೆಲಸಕ್ಕೆ ಬಂದ ಉಪನ್ಯಾಸಕಿಗೆ ಈ ಪಟ್ಟಿಯಲ್ಲಿ ಬಿಡುವೆಲ್ಲಿ? ಈ ಪ್ರಶ್ನೆಗೂ ಒಂದು ಇತಿಹಾಸವಿದೆ.

ಮೊದಮೊದಲು ಮಾತು ಕೂಸಿನವರೆಗೆ ಬರುತ್ತಲೇ ಇರಲಿಲ್ಲ, ಮದುವೆಯಲ್ಲೇ ನಿಂತುಬಿಡುತ್ತಿತ್ತು. ರುದರ್‌ಫರ್ಡರ ಶಿಷ್ಯೆ ಹ್ಯಾರಿಯೆಟ್ ಬ್ರೂಕ್ಸ್ ನ್ಯೂಯಾರ್ಕಿನ ಬಾರ್ನಾರ್ಡ್ ಮಹಿಳಾ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. 1906ರಲ್ಲಿ ಅವರ ವಿವಾಹ ನಿಶ್ಚಯವಾದಾಗ, ಮದುವೆಯಾದರೆ ಕೆಲಸ ಬಿಡಬೇಕೆಂದು ಕಾಲೇಜಿನ ಡೀನ್ ತಿಳಿಸಿದರು. ಹೀಗೆ ಹೇಳಿದವರೂ ಒಬ್ಬ ಮಹಿಳೆಯೇ ಎಂಬುದನ್ನು ಗಮನಿಸಿ. ಬ್ರೂಕ್ಸ್ ಪ್ರತಿಭಟಿಸಿ ಪತ್ರ ಬರೆದರು. ಕೊನೆಗೆ ಆ ಮದುವೆಯೂ ನಡೆಯಲಿಲ್ಲ, ಕೆಲಸವೂ ಉಳಿಯಲಿಲ್ಲ.

ಮರಿಯಾ ಗೆಪರ್ಟ್ ಮೇಯರ್ ಅವರದು ಇನ್ನೊಂದು ಬಗೆಯ ಕಥೆ. 1930ರಲ್ಲಿ ಅವರ ಪತಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ದೊರೆಯಿತು. ಒಂದೇ ಸಂಸ್ಥೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಹುದ್ದೆ ಕೊಡಬಾರದೆಂಬ ಕಟ್ಟಳೆ ಇದ್ದ ಕಾಲವದು. ಆರ್ಥಿಕ ಮುಗ್ಗಟ್ಟು ಬೇರೆ. ಈಕೆಗೆ ಅಧ್ಯಾಪಕ ಹುದ್ದೆ ಸಿಗಲಿಲ್ಲ. ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ಸಂಶೋಧನೆ ಮುಂದುವರಿಸಿದರು. ಪೂರ್ಣ ಸಂಬಳದ ಪ್ರಾಧ್ಯಾಪಕ ಹುದ್ದೆ ಬಂದದ್ದು 1960ರಲ್ಲಿ, ನೊಬೆಲ್ ಪ್ರಶಸ್ತಿ 1963ರಲ್ಲಿ. ನಡುವಿನ ವರ್ಷಗಳನ್ನು ನೀವೇ ಲೆಕ್ಕ ಹಾಕಿ.

ಇತ್ತ ನಮ್ಮ ಬೆಂಗಳೂರಿನಲ್ಲಿ ಈ ಕಟ್ಟಳೆ ಅಡ್ಡಬರಲಿಲ್ಲ. 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕ ವರ್ಗವನ್ನು ಸೇರಿದ ರಾಜೇಶ್ವರಿ ಚಟರ್ಜಿಯವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಒಂದೇ ವಿಭಾಗದಲ್ಲಿ ಪಾಠ ಹೇಳಿದರು, ಸೂಕ್ಷ್ಮತರಂಗಗಳ ಸಂಶೋಧನೆ ನಡೆಸಿದರು. ಸಂತೋಷದ ಸಂಗತಿ. ಆದರೆ ಹುದ್ದೆ ಸಿಕ್ಕ ಮಾತ್ರಕ್ಕೆ ತೊಟ್ಟಿಲಿಗೆ ಜಾಗ ಸಿಕ್ಕಂತಾಗುವುದಿಲ್ಲವಲ್ಲ!

ಆ ಜಾಗ ಮೊದಲು ದೊರೆತದ್ದು ಗಿರಣಿಯಲ್ಲಿ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಹಾಲೂಡಿಸುವ ತಾಯಿಗೆ ಕೆಲಸದ ವೇಳೆಯಲ್ಲೇ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ಬಿಡುವಿರಬೇಕೆಂದು ಒಪ್ಪಂದ ರೂಪಿಸಿತು. ನಮ್ಮ 1948ರ ಕಾರ್ಖಾನೆ ಕಾಯಿದೆಯು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಲೇಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವುಗಳನ್ನು ಕೊಟ್ಟಿತು. ಕಾಗದದ ಮೇಲಾದರೂ ನೂಲು ತೆಗೆಯುವ ಹೆಂಗಸಿನ ಕೂಸಿಗೆ ಒಂದು ಕೋಣೆ ಇತ್ತು. ಕಾಲೇಜು ಕಾರ್ಖಾನೆಯಲ್ಲ, ಹೀಗಾಗಿ ಎಂ.ಎ. ಓದಿದ ಉಪನ್ಯಾಸಕಿಯ ಕೂಸಿಗೆ ಅಂಥ ಕೋಣೆ ಇರಲಿಲ್ಲ. ಮನೆಯಲ್ಲಿ ಅಜ್ಜಿ ಇದ್ದವರು ಪುಣ್ಯವಂತರು.

ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೊಠಡಿ ಹೊಂದಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂಬ ನಿಯಮ ಬಂದದ್ದು 2017ರ ತಿದ್ದುಪಡಿಯಲ್ಲಿ. ಹೆರಿಗೆ ರಜೆ 26 ವಾರಗಳಿಗೆ ಏರಿದ್ದೂ ಅದರಿಂದಲೇ. ಅದಕ್ಕೆ ಮೊದಲು, 2016ರಲ್ಲಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಮಾಡುವ ಮಹಿಳೆಯರಿಗೆ ಒಮ್ಮೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆ ನೀಡಲು ಅವಕಾಶ ಕಲ್ಪಿಸಿತ್ತು.

ಇನ್ನು ಅವಧಿ ಗೊತ್ತುಮಾಡಿ ನೇಮಿಸಿಕೊಂಡವರ ಪಾಡು? ಅಂಥ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ದೆಹಲಿಯ ಒಬ್ಬ ಗುತ್ತಿಗೆ ವೈದ್ಯೆ. ಗುತ್ತಿಗೆಯ ಅವಧಿ ತೀರಿದರೂ ಹೆರಿಗೆ ಸೌಲಭ್ಯವನ್ನು ಪೂರ್ತಿ ಕೊಡಬೇಕೆಂದು ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು.