ನೆರೆಮನೆಯಿಂದ ಕೋಡ್ ತಂದ ಸರ್ಕಾರ

ಬೆಂಗಳೂರಿನ ಗಾಡಿಯನ್ನ ಪುಣೆಗೋ ಹೈದರಾಬಾದಿಗೋ ತಂದು, ಎನ್‌ಒಸಿ ಹಿಡ್ಕೊಂಡು ಆರ್‌ಟಿಒ ಅಲೆದವರು ನಿಮ್ಮಲ್ಲಿ ಇದ್ದೇ ಇರ್ತೀರಿ. ಒಂದು ಸರ್ಕಾರಿ ಕಚೇರಿಯಲ್ಲಿರೋ ಮಾಹಿತಿಯನ್ನ ಇನ್ನೊಂದು ಕಚೇರಿಗೆ ಮುಟ್ಟಿಸೋ ಪೋಸ್ಟ್‌ಮ್ಯಾನ್ ನಾವೇ. ಇವತ್ತು, ಈ ತಾಪತ್ರಯಕ್ಕೆ ಜೊತೆಯಾಗಿ ಕೈ ಹಾಕಿದ ಎರಡು ದೇಶಗಳ ಕಥೆ: ಎಸ್ಟೋನಿಯಾ ಮತ್ತು ಫಿನ್ಲೆಂಡ್.

ಇಬ್ಬರ ರಾಜಧಾನಿಗಳ ನಡುವೆ ಇರೋದು ಸುಮಾರು 80 ಕಿಲೋಮೀಟರ್ ಸಮುದ್ರ, ಹಡಗಿನಲ್ಲಿ ಎರಡು ಗಂಟೆ ದಾರಿ. ಕೆಲಸ ಹುಡುಕಿ ಆಚೆ ದಡಕ್ಕೆ ಹೋಗುವ ಎಸ್ಟೋನಿಯನ್ನರು ಬಹಳ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂದಾಗ ಎಸ್ಟೋನಿಯಾದ ಖಜಾನೆ ಬರಿದಾಗಿತ್ತು. ಫಿನ್ಲೆಂಡ್ ಅನುಕೂಲಸ್ಥರ ಮನೆ. ಯಾರು ಯಾರಿಗೆ ಪಾಠ ಹೇಳ್ತಾರೆ ಅಂತ ಆಗ ಕೇಳಿದ್ರೆ ಉತ್ತರ ಸುಲಭವಿತ್ತು. ಆಮೇಲೆ ಅದು ತಿರುಗುಮುರುಗಾಯ್ತು.

2001ರಲ್ಲಿ ಎಸ್ಟೋನಿಯಾ 'ಎಕ್ಸ್-ರೋಡ್' ಶುರು ಮಾಡಿತು. ಎಲ್ಲ ಇಲಾಖೆಗಳ ಮಾಹಿತಿಯನ್ನ ಒಂದೇ ದೊಡ್ಡ ಡೇಟಾಬೇಸ್‌ಗೆ ಸುರಿಯಲಿಲ್ಲ, ನನಗೆ ಇಷ್ಟವಾದದ್ದೇ ಇದು. ಯಾರ ಡೇಟಾ ಅವರ ಹತ್ತಿರವೇ. ಪ್ರತಿ ಇಲಾಖೆಯ ಬಾಗಿಲಲ್ಲಿ ಒಂದು ಸೆಕ್ಯೂರಿಟಿ ಸರ್ವರ್. ಕೇಳಿದ್ದು, ಕೊಟ್ಟದ್ದು ಎಲ್ಲಕ್ಕೂ ಡಿಜಿಟಲ್ ಸಹಿ, ಟೈಮ್‌ಸ್ಟ್ಯಾಂಪ್, ಲಾಗ್. ಓಡೋದು ಮಾಮೂಲಿ ಇಂಟರ್ನೆಟ್ ಮೇಲೇ, ಎನ್‌ಕ್ರಿಪ್ಟ್ ಆಗಿ.

13 ಲಕ್ಷ ಜನರ ಎಸ್ಟೋನಿಯಾದ ಈ ವ್ಯವಸ್ಥೆಯನ್ನ 55 ಲಕ್ಷ ಜನರ ಫಿನ್ಲೆಂಡ್ ತಾನೂ ತರೋಕೆ ಮುಂದಾಯಿತು. 2013ರ ಡಿಸೆಂಬರ್‌ನಲ್ಲಿ ಪ್ರಧಾನಿಗಳಾದ ಆಂದ್ರುಸ್ ಆನ್ಸಿಪ್ ಮತ್ತು ಯೂರ್ಕಿ ಕಟೈನೆನ್ ಒಪ್ಪಂದಕ್ಕೆ ಸಹಿ ಹಾಕಿದರು, ಅದೂ ಪೆನ್ನಿನಲ್ಲಿ ಅಲ್ಲ, ಡಿಜಿಟಲ್ ಆಗಿ.

ಇಲ್ಲಿಂದಲೇ ನಿಜವಾದ ತಲೆನೋವು. ಕೋಡ್ ಕೊಡೋದು ಸುಲಭ. ನಾಳೆ ಬಗ್ ಬಂದ್ರೆ ಯಾರು ಸರಿ ಮಾಡಬೇಕು? ಯಾರ ಫೀಚರ್ ಮೊದಲು? ದುಡ್ಡು ಯಾರದು? ಇಬ್ಬರೂ ತಮಗೆ ಬೇಕಾದ ಹಾಗೆ ತಿದ್ದುತ್ತಾ ಹೋದ್ರೆ ಆ ಫೋರ್ಕ್‌ಗಳ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ! 2016ರಲ್ಲಿ ಕೋಡ್ ಓಪನ್ ಸೋರ್ಸ್ ಆಯ್ತು. 2017ರಲ್ಲಿ ಎರಡೂ ದೇಶ ಸೇರಿ ಟಾಲಿನ್‌ನಲ್ಲಿ 'ನಾರ್ಡಿಕ್ ಇನ್‌ಸ್ಟಿಟ್ಯೂಟ್ ಫಾರ್ ಇಂಟರ್‌ಆಪರಬಿಲಿಟಿ ಸೊಲ್ಯೂಷನ್ಸ್' ಕಟ್ಟಿ, ಮೂಲ ಕೋಡಿನ ಹೊಣೆ ಅದಕ್ಕೆ ವಹಿಸಿದವು. ಆಮೇಲೆ ಐಸ್‌ಲ್ಯಾಂಡ್ ಕೂಡ ಸದಸ್ಯನಾಯಿತು. ಕಾಣೋಕೆ ಸಪ್ಪೆ ಕೆಲಸ. ಆದರೆ ಈ ಕಥೆಯಲ್ಲಿ ಅತಿ ಕಷ್ಟದ್ದು ಇದೇ ಅಂತ ನನ್ನ ಅನಿಸಿಕೆ. ಯಾಕಂದ್ರೆ ಎರಡು ಸರ್ಕಾರಗಳೂ 'ಇದು ನನ್ನದು' ಅನ್ನೋದನ್ನ ಸ್ವಲ್ಪ ಬಿಟ್ಟುಕೊಡಬೇಕಿತ್ತು.

2018ರಲ್ಲಿ ಎರಡೂ ದೇಶಗಳ ಎಕ್ಸ್-ರೋಡ್ ಜಾಲಗಳು ಒಂದಕ್ಕೊಂದು ಜೋಡಣೆಯಾದವು. ಹಾಗಂತ ಮರುದಿನವೇ ಎಲ್ಲ ಮಾಹಿತಿ ಹರಿದಾಡಲಿಲ್ಲ. ದಾರಿ ಇದ್ದರೂ, ಯಾವ ದಾಖಲೆ ಯಾರಿಗೆ ಅನ್ನೋದಕ್ಕೆ ಪ್ರತಿ ಸಲ ಕಾನೂನು ಬೇಕು. ಔಷಧಿ ಚೀಟಿಯನ್ನೇ ನೋಡಿ. ಅದು ಗಡಿ ದಾಟಿದ್ದು ಯುರೋಪಿಯನ್ ಒಕ್ಕೂಟದ ಆರೋಗ್ಯ ವ್ಯವಸ್ಥೆಯ ಮೂಲಕ. 2019ರ ಜನವರಿಯಿಂದ ಫಿನ್ಲೆಂಡಿನ ವೈದ್ಯರು ಬರೆದ ಇ-ಚೀಟಿಗೆ ಎಸ್ಟೋನಿಯಾದ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಸಿಗತೊಡಗಿತು. ಎಸ್ಟೋನಿಯಾದ ಚೀಟಿ ಹಿಡಿದು ಫಿನ್ಲೆಂಡಿನ ಅಂಗಡಿಗೆ ಹೋಗುವವರು 2020ರ ತನಕ ಕಾಯಬೇಕಾಯ್ತು.