ಹೊವೆಲ್ಸ್ ಬರೆದ ಎರಡು ದಾಂಪತ್ಯಗಳು

ಚಳಿಗಾಲದ ಒಂದು ರಾತ್ರಿ. ಅಮೆರಿಕದ ಈಶಾನ್ಯ ತುದಿಯ ಮೇಯ್ನ್ ರಾಜ್ಯದ ಒಂದು ಸಣ್ಣ ಊರು. ತನ್ನನ್ನು ಕಾಣಲು ಬಂದಿದ್ದ ತರುಣನನ್ನು ಬೀಳ್ಕೊಟ್ಟ ಮಾರ್ಸಿಯಾ ಎಂಬ ಯುವತಿ ಬಾಗಿಲು ಮುಚ್ಚುತ್ತಾಳೆ. ಮೆಲ್ಲನೆ ಬಾಗಿ, ಅವನ ಕೈ ತಾಗಿದ್ದ ಬಾಗಿಲ ಹಿಡಿಗೆ ಮುತ್ತಿಡುತ್ತಾಳೆ. ತಿರುಗಿದರೆ, ಮೇಣದಬತ್ತಿ ಹಿಡಿದು ಮೆಟ್ಟಿಲಿಳಿದು ಬರುತ್ತಿರುವ ತಂದೆ!

ಪ್ರಿಯ ಓದುಗರೇ, ಇಷ್ಟು ಗಾಢವಾದ ಪ್ರೀತಿಯಿಂದ ಆರಂಭವಾಗುವ ಕಥೆ ಮದುವೆಯಲ್ಲಿ ಮುಗಿಯುವುದು ನಮಗೆ ಪರಿಚಿತವಾದ ಕ್ರಮ. ಆದರೆ ಈ ಕಾದಂಬರಿಯಲ್ಲಿ ಮದುವೆ ಬೇಗನೆ ನಡೆದುಹೋಗುತ್ತದೆ. ಆಮೇಲೆ ಉಳಿಯುವ ನೂರಾರು ಪುಟಗಳು ಆ ಮದುವೆ ಹೇಗೆ ಸವೆಯಿತೆಂಬುದನ್ನು ಹೇಳುತ್ತವೆ. 1882ರಲ್ಲಿ ಗ್ರಂಥರೂಪದಲ್ಲಿ ಬಂದ ಇದರ ಹೆಸರು 'ಎ ಮಾಡರ್ನ್ ಇನ್‌ಸ್ಟನ್ಸ್', ಎಂದರೆ ಆಧುನಿಕ ಕಾಲದ ಒಂದು ನಿದರ್ಶನ. ಬರೆದವರು ವಿಲಿಯಂ ಡೀನ್ ಹೊವೆಲ್ಸ್.

ಹೊವೆಲ್ಸ್ ಹುಟ್ಟಿದ್ದು 1837ರಲ್ಲಿ, ಒಹಾಯೊ ರಾಜ್ಯದಲ್ಲಿ. ತಂದೆ ಮುದ್ರಕರು, ಬಾಲಕ ಶಾಲೆಯಲ್ಲಿ ಕಲಿತದ್ದಕ್ಕಿಂತ ಅಚ್ಚಿನ ಮೊಳೆ ಜೋಡಿಸುತ್ತಾ ಕಲಿತದ್ದೇ ಹೆಚ್ಚು. 1860ರಲ್ಲಿ ಲಿಂಕನ್ನರ ಚುನಾವಣೆಗಾಗಿ ಅವರ ಜೀವನಚರಿತ್ರೆ ಬರೆದುದರ ಫಲವಾಗಿ ವೆನಿಸ್ ನಗರದಲ್ಲಿ ಅಮೆರಿಕದ ಕಾನ್ಸಲ್ ಹುದ್ದೆ ದೊರೆಯಿತು. 1862ರ ಕ್ರಿಸ್ಮಸ್ ಮುನ್ನಾದಿನ ಪ್ಯಾರಿಸ್ಸಿನಲ್ಲಿ ಎಲಿನರ್ ಮೀಡ್ ಎಂಬಾಕೆಯನ್ನು ವರಿಸಿದರು. ಮುಂದೆ 1871ರಿಂದ ಹತ್ತು ವರ್ಷ ಬಾಸ್ಟನ್ನಿನ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯ ಸಂಪಾದಕರಾಗಿದ್ದರು. ಮಾರ್ಕ್ ಟ್ವೈನ್ ಅವರ ಆಪ್ತಮಿತ್ರ.

ಬಾಸ್ಟನ್ನಿನಲ್ಲಿ ಮೆಡಿಯಾಳ ಪುರಾತನ ಗ್ರೀಕ್ ಕಥೆಯನ್ನು ರಂಗದ ಮೇಲೆ ಕಂಡ ಹೊವೆಲ್ಸರಿಗೆ ಒಂದು ಯೋಚನೆ ಹೊಳೆಯಿತು. ಗಂಡ ಕೈಬಿಟ್ಟ ಹೆಂಡತಿಯ ಕ್ರೋಧದ ಆ ಕಥೆ ಹಳೆಯ ಕಾಲದ್ದಲ್ಲ. ಪಕ್ಕದ ಬೀದಿಯಲ್ಲೂ ನಡೆಯುತ್ತಿದೆ. ಅದರ ಇಂದಿನ ಆವೃತ್ತಿ ಇಂಡಿಯಾನಾ ರಾಜ್ಯದ ಒಂದು ನ್ಯಾಯಾಲಯದಲ್ಲಿ ಕೊನೆಗಾಣುತ್ತದೆ, ಅಷ್ಟೇ.

ಇಂಡಿಯಾನಾ ಏಕೆ? ಅಮೆರಿಕದಲ್ಲಿ ವಿವಾಹ ಕಾನೂನು ಒಂದೊಂದು ರಾಜ್ಯಕ್ಕೆ ಒಂದೊಂದು ಬಗೆ. ಇಂಡಿಯಾನಾದ 1852ರ ಕಾಯಿದೆಯಂತೆ, ನ್ಯಾಯಾಲಯಕ್ಕೆ ಸರಿಯೆಂದು ತೋರಿದ ಯಾವುದೇ ಕಾರಣಕ್ಕಾಗಿ ವಿಚ್ಛೇದನ ನೀಡಬಹುದಿತ್ತು. ಎಲ್ಲೋ ದೂರದಲ್ಲಿರುವ ಹೆಂಡತಿಗೆ ವಿಷಯ ತಿಳಿಸಲು ಸ್ಥಳೀಯ ಪತ್ರಿಕೆಯಲ್ಲೊಂದು ಪ್ರಕಟಣೆ ಹಾಕಿಸಿದರೆ ಸಾಕಾಗುತ್ತಿತ್ತು. ಹೀಗೆ ಬೇರೆ ರಾಜ್ಯಗಳ ಗಂಡಸರೂ ಹೆಂಗಸರೂ ರೈಲು ಹತ್ತಿ ಅಲ್ಲಿಗೆ ಬರತೊಡಗಿದರು. 1873ರಲ್ಲಿ ಎರಡು ವರ್ಷಗಳ ವಾಸ ಕಡ್ಡಾಯವಾಗಿ ಬಾಗಿಲು ಸ್ವಲ್ಪ ಕಿರಿದಾದರೂ, ಹೆಸರು ಕೆಟ್ಟದ್ದು ಕೆಟ್ಟೇ ಉಳಿಯಿತು. ಮುಂದೆ 1889ರಲ್ಲಿ ಸರಕಾರ ಪ್ರಕಟಿಸಿದ ವರದಿಯ ಪ್ರಕಾರ, 1867ರಿಂದ 1886ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಆದ ವಿಚ್ಛೇದನಗಳು 3,28,716. ಹೊವೆಲ್ಸ್ ಬರೆಯುವಾಗ ಈ ಅಂಕಿ ಯಾರ ಕೈಯಲ್ಲೂ ಇರಲಿಲ್ಲ. ಅವರು 1881ರಲ್ಲಿ ತಾವೇ ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್ ಪಟ್ಟಣಕ್ಕೆ ಹೋಗಿ, ನ್ಯಾಯಾಲಯದಲ್ಲಿ ಕುಳಿತು ವಿಚ್ಛೇದನದ ವಿಚಾರಣೆಯನ್ನು ಕಂಡು ಬಂದರು.

ಇನ್ನು ಕಥೆ. ಮಾರ್ಸಿಯಾಳ ಗಂಡ ಬಾರ್ಟ್ಲಿ ಹಬ್ಬರ್ಡ್ ಪತ್ರಕರ್ತ. ಚುರುಕು, ಮಾತುಗಾರ, ಎಲ್ಲರಿಗೂ ಬೇಕಾದವನು. ಅವನನ್ನು ಖಳನಾಯಕನೆಂದು ಕರೆಯಲು ನನಗೆ ಮನಸ್ಸು ಬಾರದು. ಅವನು ಹೆಂಡತಿಗೆ ಹೊಡೆಯುವುದಿಲ್ಲ. ತುಸು ಸಾಲ ಮಾಡುತ್ತಾನೆ, ಬಿಯರ್ ಕುಡಿದು ಮೈ ಬೆಳೆಸುತ್ತಾನೆ, ಇನ್ನೊಬ್ಬರ ಬರಹದ ಸರಕನ್ನು ತನ್ನದೆಂಬಂತೆ ಮಾರುತ್ತಾನೆ. ತಪ್ಪು ಮಾಡಿದಾಗಲೆಲ್ಲ ಅದಕ್ಕೊಂದು ಸಮಜಾಯಿಷಿ ಅವನಲ್ಲಿ ಸಿದ್ಧವಾಗಿರುತ್ತದೆ. ಮಾರ್ಸಿಯಾಳಿಗೆ ಅತಿಯಾದ ಮತ್ಸರ. ಕೋಪ ಬಂದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಮೊದಮೊದಲು ಜಗಳದ ನಂತರ ಅವಳೇ ಸೋತು ಬರುತ್ತಾಳೆ, ಅವನು ನಗುತ್ತಾನೆ, ಎಲ್ಲವೂ ಸರಿಯಾಗುತ್ತದೆ. ಹಾಗೆ ಸರಿಯಾಗುವುದೇ ಅಪಾಯವೆಂಬುದನ್ನು ಹೊವೆಲ್ಸ್ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಕಾಣುತ್ತೇವೆ: ರಾಜಿಯಾಯಿತು, ಆದರೆ ಜಗಳದ ಬೇರನ್ನು ಯಾರೂ ಮುಟ್ಟಲಿಲ್ಲ.

ಒಂದು ಸಂಜೆಯ ಜಗಳದಲ್ಲಿ ಮಾರ್ಸಿಯಾ ಮಗುವನ್ನೆತ್ತಿಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಬಾರ್ಟ್ಲಿಯೂ ಸಿಟ್ಟಿನಲ್ಲಿ ರೈಲು ಹತ್ತುತ್ತಾನೆ. ಅವಳು ಹಿಂದಿರುಗುವ ಹೊತ್ತಿಗೆ ಮನೆಯಲ್ಲಿ ಅವನಿಲ್ಲ. ದಾರಿಯಲ್ಲಿ ಅವನ ಮನಸ್ಸೂ ಕರಗುತ್ತದೆ, ಹಿಂದಿರುಗಬೇಕೆನ್ನಿಸುತ್ತದೆ. ಜೇಬು ಮುಟ್ಟಿ ನೋಡಿದರೆ ಹಣದ ಚೀಲ ಕಳುವಾಗಿದೆ! ಅದೂ ಸ್ನೇಹಿತನಿಂದ ಸಾಲ ತಂದ ಹಣ. ಇನ್ನು ಯಾವ ಮುಖ ಹೊತ್ತು ಹೋಗಲಿ? ಮುಂದಕ್ಕೇ ಹೋಗುತ್ತಾನೆ. ಎರಡು ವರ್ಷಕ್ಕೂ ಮಿಕ್ಕಿ ಸುದ್ದಿಯಿಲ್ಲ. ಕೊನೆಗೆ ಇಂಡಿಯಾನಾದ ಪತ್ರಿಕೆಯೊಂದು ಬಾಸ್ಟನ್ನಿಗೆ ಬರುತ್ತದೆ. ಅದರಲ್ಲಿ ಪ್ರಕಟಣೆ: ಹೆಂಡತಿ ತನ್ನನ್ನು ತೊರೆದುಹೋಗಿರುವ ಕಾರಣ ಬಾರ್ಟ್ಲಿ ಹಬ್ಬರ್ಡ್ ವಿಚ್ಛೇದನ ಕೋರಿದ್ದಾನೆ.

ಮಾರ್ಸಿಯಾಳ ತಂದೆ ವಕೀಲರು. ಮುಪ್ಪಿನಲ್ಲಿ ಅಷ್ಟು ದೂರ ಪ್ರಯಾಣ ಮಾಡಿ, ಅಳಿಯನ ಸುಳ್ಳನ್ನು ನ್ಯಾಯಾಲಯದಲ್ಲಿ ಬಯಲಿಗೆಳೆದು, ಅವನನ್ನು ಸೆರೆಮನೆಗೆ ಕಳುಹಿಸಬೇಕೆಂದು ಅಬ್ಬರಿಸುತ್ತಾರೆ. ಆಗ ಬೇಡ ಬೇಡವೆಂದು ಕೂಗುವವಳು ಮಾರ್ಸಿಯಾಳೇ. ಆ ಕ್ಷಣದಲ್ಲಿ ಮುದುಕರು ಲಕ್ವ ಹೊಡೆದು ಕುಸಿಯುತ್ತಾರೆ. ಅವರು ಗೆದ್ದರೋ ಸೋತರೋ ಹೇಳುವುದು ಕಷ್ಟ.

ನಮ್ಮ ಧರ್ಮಕೇಂದ್ರಗಳ ಓದುಗರು ಗಮನಿಸಬೇಕಾದ ಸಂಗತಿಯೊಂದು ಈ ಮನೆತನದಲ್ಲಿದೆ. ತಂದೆ ದೇವರನ್ನು ನಂಬದವರು. ಹಿಂದೆ ಚರ್ಚಿಗೆ ಸೇರಿದ್ದ ತಾಯಿ ಗಂಡನ ದಾರಿಯಲ್ಲಿ ಸಾಗಿ ಅದನ್ನು ಬಿಟ್ಟವರು. ಮಾರ್ಸಿಯಾಳಿಗೆ ಯಾವ ಧರ್ಮಶಿಕ್ಷಣವೂ ಇಲ್ಲ. ತನ್ನ ಮಗು ಫ್ಲೇವಿಯಾ ಹುಟ್ಟಿದ ಮೇಲೆ, ಮಗುವಾದರೂ ಒಂದು ಚರ್ಚಿಗೆ ಸೇರಿರಲಿ ಎಂದು ಆಕೆ ಹಂಬಲಿಸುತ್ತಾಳೆ. ಹೊವೆಲ್ಸ್ ಇದನ್ನು ಕಥೆಯ ಅಂಚಿನಲ್ಲಷ್ಟೇ ಇಟ್ಟಿದ್ದಾರೆ; ನನಗಂತೂ ಅದು ಕಥೆಯ ನಡುವಿನಲ್ಲಿಯೇ ಇದೆ ಎನಿಸುತ್ತದೆ.

ಇದನ್ನು ಬರೆಯುತ್ತಿರುವಾಗ ಹೊವೆಲ್ಸ್ ಸ್ವತಃ ಹಲವು ವಾರ ಹಾಸಿಗೆ ಹಿಡಿದರು. ಓದಿದ ಮಾರ್ಕ್ ಟ್ವೈನ್, ಬಾರ್ಟ್ಲಿಯಲ್ಲಿ ತನ್ನನ್ನೇ ಕಂಡೆನೆಂದು ಪತ್ರ ಬರೆದರು. ಮೆಚ್ಚುಗೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದ್ದೀತು!

ಇದು ಮುರಿದ ದಾಂಪತ್ಯ. ಮುರಿಯದ ದಾಂಪತ್ಯವೊಂದನ್ನೂ ಹೊವೆಲ್ಸ್ ಬರೆದರು. ಅದನ್ನು ಬರೆಯಲು ಅವರಿಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಬೇಸಿಲ್ ಮಾರ್ಚ್ ಮತ್ತು ಇಸಬೆಲ್ ದಂಪತಿಗಳು ಮೊದಲು ಕಾಣಿಸಿಕೊಂಡದ್ದು 1872ರ 'ದೇರ್ ವೆಡಿಂಗ್ ಜರ್ನಿ'ಯಲ್ಲಿ. ಮಧುಚಂದ್ರಕ್ಕೆಂದು ನಯಾಗರಾಕ್ಕೆ ಹೋದ ಇಸಬೆಲ್ ಸೇತುವೆ ದಾಟಿ ದ್ವೀಪಗಳಿಗೇನೋ ಹೋಗುತ್ತಾಳೆ. ಹಿಂದಿರುಗಲು ಭಯವಾಗಿ ಅಲ್ಲಿಯೇ ಕುಳಿತುಬಿಡುತ್ತಾಳೆ. ಗಂಡನ ಮಾತಿಗೆಲ್ಲ ಜಗ್ಗದವಳು, ಅಪರಿಚಿತರು ಬಂದೊಡನೆ ನಾಚಿಕೆಯಿಂದ ಎದ್ದು ದಾಟಿಬಿಡುತ್ತಾಳೆ! ಮಾಂಟ್ರಿಯಲ್ ನಗರದಲ್ಲಿ ಅವರಿಬ್ಬರ ಜಗಳ: ಗಾಡಿಗೆ ಕುದುರೆ ಒಂದು ಸಾಕೇ, ಎರಡು ಬೇಕೇ? ಹಬ್ಬರ್ಡ್ ದಂಪತಿಗಳ ಜಗಳಗಳೂ ಇಂಥ ಸಣ್ಣ ವಿಷಯಗಳಿಂದಲೇ ಹುಟ್ಟಿದವು. ವ್ಯತ್ಯಾಸವೆಂದರೆ, ಮಾರ್ಚ್ ದಂಪತಿಗಳಿಗೆ ತಮ್ಮನ್ನು ನೋಡಿ ತಾವೇ ನಗಲು ಬರುತ್ತದೆ. ಆದದ್ದನ್ನು ಕುರಿತು ಅವರು ಮತ್ತೆ ಕುಳಿತು ಮಾತಾಡುತ್ತಾರೆ.

1890ರ 'ಎ ಹಝರ್ಡ್ ಆಫ್ ನ್ಯೂ ಫಾರ್ಚೂನ್ಸ್' ಕಾದಂಬರಿಯಲ್ಲಿ ಅದೇ ದಂಪತಿಗಳು ನಡುವಯಸ್ಕರು, ಇಬ್ಬರು ಮಕ್ಕಳ ತಂದೆತಾಯಿ. ಬೇಸಿಲ್‌ಗೆ ಹೊಸ ಕೆಲಸ ಸಿಕ್ಕಿದ್ದರಿಂದ ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. ಆ ಹುಡುಕಾಟ ಅಧ್ಯಾಯಗಟ್ಟಲೆ ಸಾಗುತ್ತದೆ. ಮನೆ ಹುಡುಕಿ ಕಾಲು ನೋಯಿಸಿಕೊಂಡ ಯಾರಿಗಾದರೂ ಅದು ರುಚಿಸೀತು. ಈ ಪುಟಗಳು ಹೊವೆಲ್ಸರ ಬಾಳಿನ ಅತಿ ಕತ್ತಲೆಯ ದಿನಗಳಲ್ಲಿ ಬಂದವು. ಹಿರಿಯ ಮಗಳು ವಿನಿಫ್ರೆಡ್ ವರ್ಷಗಟ್ಟಲೆ ನರಳುತ್ತಿದ್ದಳು. ಕಾಯಿಲೆ ಮನಸ್ಸಿನದೆಂದು ವೈದ್ಯರು ನಂಬಿದ್ದರು, ತಂದೆತಾಯಿಯೂ ನಂಬಿದರು. ವಿಶ್ರಾಂತಿ ಮತ್ತು ಒತ್ತಾಯದ ಆಹಾರ ಅಂದಿನ ಚಿಕಿತ್ಸೆ. 1889ರ ಮಾರ್ಚ್ ತಿಂಗಳಲ್ಲಿ, ಮನೆಯಿಂದ ದೂರ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಕಾಯಿಲೆ ಶರೀರದ್ದೇ ಆಗಿತ್ತೆಂದು ತಿಳಿದದ್ದು ಆಮೇಲೆ. ಆ ತಂದೆ ಮತ್ತೆ ಮೇಜಿನ ಮುಂದೆ ಕುಳಿತು, ಗಂಡಹೆಂಡಿರು ಮನೆ ಹುಡುಕುವ ನಗೆಯ ಕಥೆಯನ್ನು ಮುಂದುವರಿಸಿದರು. 1899ರಲ್ಲಿ ಮಾರ್ಚ್ ದಂಪತಿಗಳನ್ನು ಬೆಳ್ಳಿಹಬ್ಬದ ಪ್ರವಾಸಕ್ಕೆ ಯೂರೋಪಿಗೂ ಕಳುಹಿಸಿದರು. ಎಲಿನರ್ 1910ರಲ್ಲಿ ತೀರಿಕೊಂಡರು, ಹೊವೆಲ್ಸ್ 1920ರಲ್ಲಿ.

ಬಾರ್ಟ್ಲಿಯ ಗತಿಯೇನಾಯಿತು? ಅರಿಜೋನಾದಲ್ಲಿ ಗುಂಡೇಟಿಗೆ ಬಲಿಯಾದ. ಆದರೂ ಹೊವೆಲ್ಸರಿಗೆ ಅವನನ್ನು ಬಿಡಲಾಗಲಿಲ್ಲ. 1885ರ 'ದಿ ರೈಸ್ ಆಫ್ ಸೈಲಸ್ ಲ್ಯಾಪಮ್' ಕಾದಂಬರಿ ತೆರೆಯುವಾಗ, ಬಣ್ಣದ ವ್ಯಾಪಾರಿ ಲ್ಯಾಪಮ್‌ನನ್ನು ಸಂದರ್ಶಿಸಲು ಬಂದ ಪತ್ರಕರ್ತ ಬೇರೆ ಯಾರೂ ಅಲ್ಲ, ಬಾಸ್ಟನ್ ಬಿಡುವ ಮುಂಚಿನ ಬಾರ್ಟ್ಲಿ. ಸಂದರ್ಶನ ಮುಗಿಸಿ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳುತ್ತಾನೆ. ಪಾಪ, ಆ ಮನುಷ್ಯನನ್ನು ಬರಹದಲ್ಲಿ ಗೇಲಿ ಮಾಡಬೇಡವೆಂದು ಮಾರ್ಸಿಯಾ ಕೇಳಿಕೊಳ್ಳುತ್ತಾಳೆ. ಅವನಿಗೆ ತಿಳಿಯುವಂತೆ ಮಾಡುವುದಿಲ್ಲವೆಂದು ಬಾರ್ಟ್ಲಿ ಉತ್ತರಿಸುತ್ತಾನೆ.